ಹೊಸ ರೂಮು, ಹಳೇ ಟವೆಲ್ಲು

ಅತ್ತೆ ಮಾವ ಮೈಸೂರಿನಿಂದ ಸಿಯಾಟಲ್‌ಗೆ ಬಂದಿದ್ದರು. ಅಲಾಸ್ಕಾ ಕಡೆಗೆ ಏಳು ದಿನದ ಕ್ರೂಸ್ ಬುಕ್ ಮಾಡಲು ಕೂತೆ. ಹಡಗು ಹಳೆಯದು. ಆದರೆ ಈಚೆಗೆ ರಿಪೇರಿಗೆ ನಿಲ್ಲಿಸಿದ್ದಾಗ ಕೆಳಗಿನ ಡೆಕ್ಕಿನಲ್ಲಿ, ಮೂತಿಯ ಕಡೆ, ಮೀಟಿಂಗ್ ಹಾಲ್ ಇದ್ದ ಜಾಗದಲ್ಲಿ ಒಂದಷ್ಟು ಹೊಸ ಕ್ಯಾಬಿನ್ ಕಟ್ಟಿದ್ದರಂತೆ. ಇದೇನೂ ದೊಡ್ಡ ವಿಷಯ ಅಲ್ಲ ಬಿಡಿ. 2005ರಲ್ಲಿ ರಾಟರ್‌ಡ್ಯಾಮಿನಲ್ಲಿ ಬೇರೊಂದು ಹಡಗನ್ನು ಮಧ್ಯಕ್ಕೆ ಕತ್ತರಿಸಿ, 22 ಮೀಟರಿನ ಹೊಸ ತುಂಡು ಸೇರಿಸಿ ಬೆಸುಗೆ ಹಾಕಿದ್ದಾರೆ. ಗಿಡ್ಡ ಆದ ಲಂಗಕ್ಕೆ ಬಟ್ಟೆ ಕೂಡಿಸಿದ ಹಾಗೆ!

ಹೊಸ ಕ್ಯಾಬಿನ್ನಿನ ಫೋಟೊ ನೋಡಿ ಮರುಳಾದೆ. ಸ್ನಾನಕ್ಕೆ ಗಾಜಿನ ಬಾಗಿಲು, ಹಾಸಿಗೆಯ ಎರಡೂ ಪಕ್ಕ ಯುಎಸ್‌ಬಿ ಪ್ಲಗ್ಗು. ಹಳೆಯದರಲ್ಲಿ ಮೈಗೆ ಅಂಟುವ ಪ್ಲಾಸ್ಟಿಕ್ ಪರದೆ, ಇಡೀ ರೂಮಿಗೆ ಕನ್ನಡಿ ಹತ್ತಿರ ಒಂದೇ ಪ್ಲಗ್ಗು. ಹೊಸದನ್ನು ಹಿರಿಯರಿಗೆ ಕೊಡೋಣ ಅಂದೆ. ಮಾವ ನಕ್ಷೆ ನೋಡಿ, "ನಮಗೆ ಮಧ್ಯದ ಹಳೇದೇ ಇರಲಿ ಅಳಿಯಂದಿರೇ. ಕೆಂಪು ಬಸ್ಸಿನಲ್ಲಿ ಮೂವತ್ತು ವರ್ಷ ಓಡಾಡಿದೀನಿ, ಚಕ್ರದ ಮೇಲೆ ಕೂತು ಗೊತ್ತು" ಅಂದರು. ಹಡಗಿಗೆಲ್ಲಿ ಚಕ್ರ ಅಂತ ಒಳಗೊಳಗೇ ನಕ್ಕೆ.

ಮೊದಲ ರಾತ್ರಿ ಹಡಗು ವ್ಯಾಂಕೂವರ್ ದ್ವೀಪ ಬಳಸಿ ತೆರೆದ ಸಮುದ್ರಕ್ಕೆ ಬಂತು. ಸೀಸಾ ಆಡಿದ್ದೀರಲ್ವಾ? ಮಧ್ಯದಲ್ಲಿ ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ನಾವು ತುದಿಯಲ್ಲಿದ್ದೆವು. ರಾತ್ರಿಯ ಪಾಸ್ತಾ ಗಂಟಲವರೆಗೆ ಬರುವುದು, ನೋಡುವುದು, ವಾಪಸ್ ಹೋಗುವುದು.

ಮುಂದೆ ಅಲಾಸ್ಕಾದ ಕೆಚಿಕನ್ ಬಂದರು. ಬೆಳಗಿನ ಜಾವ ಮಂಚದ ಕೆಳಗೆ ಯಾರೋ ಮಿಕ್ಸಿಯಲ್ಲಿ ಜಲ್ಲಿಕಲ್ಲು ರುಬ್ಬಿದರು. ಕ್ಯಾಬಿನ್ ಹುಡುಗನನ್ನು ಕೇಳಿದೆ. ಹಡಗನ್ನು ಕಟ್ಟೆಗೆ ಪಕ್ಕಕ್ಕೆ ತಳ್ಳಲು ಮೂತಿಯ ಕೆಳಗೆ, ನೀರಿನೊಳಗೆ ಅಡ್ಡಡ್ಡ ಫ್ಯಾನ್ ಇರುತ್ತವಂತೆ. ಬರುವಾಗ ಒಮ್ಮೆ, ಹೊರಡುವಾಗ ಒಮ್ಮೆ. ಜೂನೋ, ಸ್ಕ್ಯಾಗ್ವೆ ಬಂದರುಗಳು ಇನ್ನೂ ಬಾಕಿ ಇದ್ದವು. ಮೂರನೇ ರಾತ್ರಿ ಹೆಂಡತಿ ದಿಂಬು ಎತ್ತಿಕೊಂಡು ತವರಿಗೆ ಹೋದಳು. ಲಿಫ್ಟಿನಲ್ಲಿ ಮೂರು ಮಹಡಿ.

ತವರು ಸುಖವಾಗಿತ್ತು. ಷವರ್ ಪರದೆಯ ಜೊತೆ ಅತ್ತೆ ಮೊದಲ ದಿನವೇ ಜಗಳ ಆಡಿ, ಆಮೇಲೆ ಅದನ್ನು ಮೂಲೆಗೆ ಸರಿಸಿ, ಮೇಜಿನ ಮೇಲಿದ್ದ ಐಸ್ ಡಬ್ಬವನ್ನೇ ಬಕೆಟ್ ಮಾಡಿಕೊಂಡಿದ್ದರು. ಹಲ್ಲುಜ್ಜುವ ಗ್ಲಾಸು ಚೊಂಬು. "ಹುಡುಗ ಪಾಪ ಒಳ್ಳೆಯವನು ಕಣೇ, ಆದರೆ ದಿನಾ ಸಂಜೆ ಸ್ನಾನದ ಬಕೆಟ್ಟಿಗೆ ಐಸ್ ತುಂಬಿಸಿ ಹೋಗ್ತಾನೆ" ಅಂತ ಮಗಳ ಹತ್ತಿರ ದೂರಿದರು. ಹಿಂದಿನ ದಿನ ಅದೇ ಡಬ್ಬದ ಐಸ್ ಹಾಕಿಕೊಂಡು ಜ್ಯೂಸ್ ಕುಡಿದಿದ್ದ ನಾನು ಮಾತಾಡಲಿಲ್ಲ.

ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾ. 1886ರ ಅಮೆರಿಕದ ಕಾನೂನಿನ ಪ್ರಕಾರ, ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಮರಳುವ ವಿದೇಶಿ ಹಡಗು ಮಧ್ಯೆ ಬೇರೆ ದೇಶದ ಬಂದರೊಂದನ್ನು ಮುಟ್ಟಲೇಬೇಕು. ಅದಕ್ಕೇ ಕತ್ತಲಾದ ಮೇಲೂ ಸುಮ್ನೆ ಒಂದು ಸ್ಟಾಪು. ನನ್ನ ಲೆಕ್ಕದಲ್ಲಿ ಇನ್ನೆರಡು ಸಲ ಮಿಕ್ಸಿ, ಬೆಳಿಗ್ಗೆ ಸಿಯಾಟಲ್‌ನಲ್ಲಿ ಮತ್ತೊಂದು ಸಲ. ಆ ಕಾನೂನು ಮಾಡಿದವರು ಯಾರೂ ಮೂತಿಯಲ್ಲಿ ಮಲಗಿರಲಿಕ್ಕಿಲ್ಲ.

ನಡುರಾತ್ರಿ ಹಡಗು ಹೊರಡುವ ಹೊತ್ತಿಗೆ ಹೊದಿಕೆ ಬಗಲಲ್ಲಿಟ್ಟುಕೊಂಡು ಹೋಗಿ ಬಾಗಿಲು ತಟ್ಟಿದೆ. ಮಾವ ಪಂಚೆ ಸರಿಮಾಡಿಕೊಳ್ಳುತ್ತಾ ತೆರೆದರು. ಅತ್ತೆಗೆ, ಮಗಳಿಗೆ ಗಾಢ ನಿದ್ದೆ. ಸೋಫಾ ಮಾತ್ರ ಖಾಲಿ. ಅದರ ಮೇಲೆ ಅಗಲಕ್ಕೆ ಹಾಸಿದ ಒಂದು ಹಳೇ ಟವೆಲ್ಲು.

"ಮೊನ್ನೆಯಿಂದ ಸೀಟು ಹಿಡಿದಿಟ್ಟಿದೀನಿ" ಅಂದರು ಮಾವ. "ಯಾಕೆ ಇಷ್ಟು ಲೇಟು?"