ಶಿರಸಿಗೊಂದು ಸಿಲ್ಕ್ ಬೋರ್ಡ್ ಬೇಕು

ಬೆಂಗಳೂರು ಸೇರಿದ ನಮ್ಮೂರ ಹುಡುಗರಿಗೆ ಹೊಸ ಚಟ ಹತ್ತಿದೆ. ಬೆಳಿಗ್ಗೆ ಎದ್ದವರೇ ಮೊಬೈಲಿನಲ್ಲಿ ಗಾಳಿಯ ಗುಣಮಟ್ಟದ ಅಂಕೆ (ಎಕ್ಯೂಐ) ನೋಡುತ್ತಾರೆ. ಹಸಿರು ಬಣ್ಣ ಕಂಡರೆ ಶಿರಸಿಗೆ ಫೋನ್: "ಆಯಿ, ಇಲ್ಲಿ ಗಾಳಿ ಚಲೋ ಇದ್ದು!"

ಆ ಅಂಕೆಯ ಗುಟ್ಟು ಕೇಳಿ. ಅಳೆಯಬೇಕಾದ ವಿಷ ಎಂಟು. ಆದರೆ ಮೂರರ ಲೆಕ್ಕ ಸಿಕ್ಕರೂ ಅಂಕೆ ಬರುತ್ತದೆ, ಅದರಲ್ಲಿ ಧೂಳು ಒಂದಿದ್ದರಾಯಿತು. ಎಂಟರಲ್ಲೊಂದಾದ ಓಝೋನ್ ಅಳೆಯುವ ಯಂತ್ರ ಮಲಗಿದ್ದರೂ ಊರು ಪಾಸ್. ಪರೀಕ್ಷೆಗೇ ಹೋಗದ ವಿಷಯದಲ್ಲಿ ನಾಪಾಸಾಗುವುದು ಹೇಗೆ, ಅಲ್ವಾ?

ಗಾಳಿಯ ಗುಣಮಟ್ಟಕ್ಕೆ ದೇಶ ಮಾಡಿಕೊಂಡ 2009ರ ನಿಯಮ ಮಾತ್ರ ಖಡಕ್ಕಾಗಿದೆ. ಘನ ಮೀಟರ್ ಗಾಳಿಯಲ್ಲಿ ಓಝೋನ್ ಎಂಟು ತಾಸಿನ ಸರಾಸರಿಗೆ 100 ಮೈಕ್ರೋಗ್ರಾಂ, ಒಂದು ತಾಸಿನದಕ್ಕೆ 180 ದಾಟಬಾರದು. ದಾಟಿದರೆ ಯಾರನ್ನು ಹಿಡಿಯುವುದು? ಇದನ್ನು ಯಾವ ಚಿಮಣಿಯೂ ನೇರವಾಗಿ ಉಗುಳುವುದಿಲ್ಲ. ವಾಹನದ ಹೊಗೆ, ಪೆಟ್ರೋಲು-ಪೇಂಟಿನ ಆವಿ ಬಿಸಿಲಿಗೆ ಬೆಂದು ಮಧ್ಯಾಹ್ನದ ಹೊತ್ತಿಗೆ ಓಝೋನ್ ತಯಾರು. ಆಮೇಲೆ ಅಸ್ತಮಾದವರ ಎದೆ ಹಿಡಿಯುತ್ತದೆ. ಧೂಳಿಗಾದರೆ ಟ್ಯಾಂಕರ್ ತಂದು ನೀರು ಹೊಡೆದು ಫೋಟೋ ತೆಗೆಸಬಹುದು. ಬಿಸಿಲಿಗೆ ಏನು ಹೊಡೆಯುತ್ತೀರಿ?

ಇನ್ನೂ ಮಜಾ ಇದೆ. ಗಾಡಿಯಿಂದ ಆಗಷ್ಟೇ ಹೊರಬಿದ್ದ ನೈಟ್ರಿಕ್ ಆಕ್ಸೈಡ್ ಅಲ್ಲೇ ಓಝೋನನ್ನು ತಿಂದು ಹಾಕುತ್ತದೆ. ಅದೇ ಗಾಳಿ ಊರಾಚೆ ಹೋದ ಮೇಲೆ ತಿನ್ನುವವರಿಲ್ಲದೆ ಓಝೋನ್ ಹೆಚ್ಚುತ್ತದೆ. ಅಂದರೆ ಜಾಮ್ ಜಾಸ್ತಿ ಇದ್ದಲ್ಲಿ ಓಝೋನ್ ಕಮ್ಮಿ! ಯಂತ್ರಗಳನ್ನೆಲ್ಲ ಸಿಲ್ಕ್ ಬೋರ್ಡಿನಂಥ ಸರ್ಕಲ್ಲುಗಳಲ್ಲೇ ನಿಲ್ಲಿಸಿ, ಊರಂಚಿನ ಹಳ್ಳಿಗಳನ್ನು ಮರೆತರೆ ಮಹಾನಗರದ ವರದಿ ಚಿನ್ನದಂತಿರುತ್ತದೆ. ರಿಂಗ್ ರೋಡು, ಮೇಲ್ಸೇತುವೆ ಅಂತ ಯಾಕೆ ಸುಮ್ನೆ ದುಡ್ಡು ಸುರಿಯುತ್ತೀರಿ? ಜಾಮನ್ನೇ ಮಾಲಿನ್ಯ ನಿಯಂತ್ರಣ ಘಟಕ ಎಂದು ಘೋಷಿಸಿ.

ಹಾಗೆ ನೋಡಿದರೆ ಹಿಂದುಳಿದವರು ನಾವೇ. ನಮ್ಮಲ್ಲಿ ಹೇಳಿಕೊಳ್ಳುವಂಥ ಜಾಮ್ ಆಗುವುದು ಮಾರಿಕಾಂಬಾ ಜಾತ್ರೆಗೆ. ಅದೂ ಎರಡು ವರ್ಷಕ್ಕೊಮ್ಮೆ. ಉಳಿದ ದಿನ ನಮ್ಮ ಓಝೋನ್ ತಿನ್ನುವವರು ಯಾರು? ದೇವಿಕೆರೆ ಹತ್ತಿರ ಒಂದು ಖಾಯಂ ಜಾಮ್ ಮಂಜೂರು ಮಾಡಿಸಿ ಎಂದು ಶಾಸಕರಿಗೆ ಮನವಿ ಕೊಡುವ ಆಲೋಚನೆ ಇದೆ.

ಕರಾವಳಿಯವರು ಮಾತ್ರ ಇದಕ್ಕೆ ಸಹಿ ಹಾಕಲಾರರು. 19ನೇ ಶತಮಾನದ ಯುರೋಪಿನ ಡಾಕ್ಟರುಗಳು ಓಝೋನ್ ಸೇವಿಸಲಿ ಎಂದೇ ರೋಗಿಗಳನ್ನು ಕಡಲತೀರಕ್ಕೆ ಅಟ್ಟುತ್ತಿದ್ದರು. ಕಡಲಿನ ವಾಸನೆಯೇ ಓಝೋನ್ ಎಂದು ಅವರ ನಂಬಿಕೆ. ಅದು ಗಂಧಕದ ಅನಿಲದ್ದು ಎಂದು ಆಮೇಲೆ ಗೊತ್ತಾಯಿತು. ಗೊತ್ತಾದರೇನು? ಗೋಕರ್ಣದ ಕಡೆ ರೆಸಾರ್ಟ್ ಇಟ್ಟವರಿಗೆ ಬೋರ್ಡಿನ ಮೇಲೆ 'ಓಝೋನ್ ಭರಿತ ಗಾಳಿ' ಎಂದು ಬರೆಸಲು ಯಾರ ಅಡ್ಡಿ? ಯಂತ್ರ ತಂದಿಟ್ಟರೆ ಅವರು ಕೇಳುವುದು ಒಂದೇ ಪ್ರಶ್ನೆ: "ಸರ್, ಬೆಂಗಳೂರಿಗಿಂತ ಜಾಸ್ತಿ ತೋರಿಸ್ತದಲ್ಲ?"