ಜ್ವಾಲಾಮುಖಿಗೆ ಓಕೆ, ಬೂಷ್ಟಿಗೆ ಇಲ್ಲ

ತೀರ್ಥಹಳ್ಳಿಯ ಬಾಡಿಗೆದಾರರಿಗೊಂದು ಸಿಹಿ ಸುದ್ದಿ. ನಾಳೆ ಕುಂದಾದ್ರಿ ಬೆಟ್ಟ ಬಾಯಿಬಿಟ್ಟು ಲಾವಾ ಉಗುಳಿದರೂ ನಿಮ್ಮ ಮಂಚ, ಮಿಕ್ಸಿ ಬಗ್ಗೆ ಚಿಂತೆ ಬೇಡ. 2021ರ ಏಪ್ರಿಲ್‌ 1ರಿಂದ ಬಂದಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಜ್ವಾಲಾಮುಖಿಗೆ ಪರಿಹಾರ ಇದೆ. ಕ್ಷಿಪಣಿ ಪರೀಕ್ಷೆಯಿಂದಾದ ಹಾನಿಗೂ ಇದೆ. ಮನೆ ನಿಮ್ಮದಲ್ಲದಿದ್ದರೂ ಪರವಾಗಿಲ್ಲ, ಒಳಗಿನ ಸಾಮಾನಿಗೆ ಮಾತ್ರ ವಿಮೆ ಮಾಡಿಸಬಹುದು.

ಬೂಷ್ಟಿಗೆ? ಅದೊಂದು ಕೇಳಬೇಡಿ. ಆಷಾಢದಲ್ಲಿ ಬೀರು ತೆಗೆದರೆ ಮದುವೆಯ ಕೋಟಿನ ಮೇಲೆ ದನ ಮೇಯಿಸುವಷ್ಟು ಹಸಿರು. ಆದರೆ ಪಾಲಿಸಿಯ ಪಟ್ಟಿಯಲ್ಲಿರುವುದು ಧಡ್ ಅಂತ ಆಗುವ ಅನಾಹುತಗಳು. ನಮ್ಮ ಕಡೆ ಅನಾಹುತಕ್ಕೆ ಅಷ್ಟೆಲ್ಲ ಅವಸರ ಇಲ್ಲ. ಜಡಿಮಳೆ ಹಿಡಿದು, ಗೋಡೆ ಬೆವರಿ, ತಿಂಗಳುಗಟ್ಟಲೆ ನಿಧಾನವಾಗಿ ಆಗುತ್ತದೆ.

ಕಳ್ಳತನಕ್ಕೂ ಪರಿಹಾರ ಇದೆ. ಕಳ್ಳ ಮಾತ್ರ ಸ್ವಲ್ಪ ಶಿಸ್ತಿನವನಾಗಿರಬೇಕು. ನೆರೆಯೋ ಬೆಂಕಿಯೋ ಗುಡ್ಡ ಕುಸಿತವೋ ಆಗಿ, ಅದೇ ಕಾರಣಕ್ಕೆ, 7 ದಿನದೊಳಗೆ ಅವನು ಕದಿಯಬೇಕು. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿದಳಲ್ಲ, ಅಂಥ ವಾರ ನೋಡಿಕೊಂಡು ಬಂದರೆ ಸರಿ. ಎಂಟನೇ ದಿನ ಬಂದರೆ ಅವನ ಕಸುಬು, ನಿಮ್ಮ ಕರ್ಮ. ಮಾಮೂಲಿ ಕಳ್ಳನಿಗೆ ಬೇರೆಯದೇ ಕವರ್ ತಗೊಳ್ಳಬೇಕು. ಅದರಲ್ಲೂ ಸಾಮಾನ್ಯವಾಗಿ ಬಾಗಿಲೋ ಬೀಗವೋ ಒಡೆದ ಗುರುತು ಕೇಳುತ್ತಾರೆ. ನಮ್ಮಲ್ಲೋ, ಬೀಗದ ಕೈ ಇರುವುದು ತುಳಸಿಕಟ್ಟೆಯ ಗೂಡಿನಲ್ಲಿ. ಊರಿಗೆಲ್ಲ ಗೊತ್ತು. ಮರ್ಯಾದಸ್ಥ ಕಳ್ಳ ಸುಮ್ನೆ ಬೀಗ ಯಾಕೆ ಒಡೆಯುತ್ತಾನೆ ಹೇಳಿ?

ಹೋದದ್ದು ನಗದಾದರೆ, ಮಾರ್ಕ್ಸ್ ಕಾರ್ಡಾದರೆ, ಸಾದಾ ಪಾಲಿಸಿಯಲ್ಲಿ ಅವೆರಡೂ ಸಾಮಾನೇ ಅಲ್ಲ.

ಸಿಡಿಲಿನ ಕಥೆ ಇನ್ನೂ ಚೆಂದ. ಸಿಡಿಲಿಗೆ ಪರಿಹಾರ ಇದೆ. ಆದರೆ ಸಿಡಿಲು ವೈರಿನಲ್ಲಿ ಇಳಿದು ಟಿವಿ ಒಳಗೇ ಶಾರ್ಟ್ ಆದರೆ ಆ ಟಿವಿಗೆ ಇಲ್ಲ. ಟಿವಿಯಿಂದ ಬೆಂಕಿ ಹತ್ತಿ ಪಕ್ಕದ ಕುರ್ಚಿ ಸುಟ್ಟರೆ ಕುರ್ಚಿಗೆ ಇದೆ. ಕೂರಲು ಹೊಸ ಕುರ್ಚಿ ಬರುತ್ತದೆ, ನೋಡಲು ಏನೂ ಇರುವುದಿಲ್ಲ.

‘ಓನರ್ ಇನ್ಶೂರೆನ್ಸ್ ಮಾಡಿಸಿದ್ದಾರಂತೆ, ನಮಗ್ಯಾಕೆ?’ ಅನ್ನುವವರೂ ಇದ್ದಾರೆ. ಅವರು ಮಾಡಿಸಿರುವುದು ಅವರ ಗೋಡೆಗೆ, ಅವರ ಹಂಚಿಗೆ. ಗಾಳಿಗೆ ಹಲಸಿನ ಕೊಂಬೆ ಮುರಿದು, ಹಂಚು ಒಡೆದು, ನಿಮ್ಮ ಹಾಸಿಗೆಯ ಮೇಲೆ ಮಳೆ ಸುರಿದರೆ ದುಡ್ಡು ಬರುವುದು ಹಂಚಿಗೆ. ವಿಮೆ ಕಂಪನಿಯ ಸರ್ವೇಯರ್ ಫೋಟೋ ತೆಗೆಯಲು ಬಂದಾಗ ಓನರ್ ನಿಮ್ಮನ್ನು ಖಂಡಿತ ಮಾತಾಡಿಸುತ್ತಾರೆ: ‘ಆ ಹಾಸಿಗೆ ಸ್ವಲ್ಪ ಆಚೆ ಸರಿಸಿ ಮಾರಾಯ್ರೇ, ಹಂಚು ಸರಿಯಾಗಿ ಕಾಣ್ತಿಲ್ಲ.’