ಅರೆಬರೆ ಕಣ್ಣಿನಿಂದ ಉಪಯೋಗವಿಲ್ಲವೇ?

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ವಾಟ್ಸಾಪ್ ಗುಂಪುಗಳಲ್ಲೂ ಈ ಸಂದೇಶ ಆಗಾಗ ಸುತ್ತುತ್ತಿರುತ್ತದೆ: ಕಣ್ಣು ಪೂರ್ತಿ ಇದ್ದರಷ್ಟೇ ಕೆಲಸಕ್ಕೆ ಬರುತ್ತದೆ, ಹಾಗಾಗಿ ಅದು ಹಂತಹಂತವಾಗಿ ವಿಕಾಸಗೊಂಡಿರಲು ಸಾಧ್ಯವಿಲ್ಲ. ಕೇಳುವವರಿಗೆ ಸಹಜವಾಗಿ ಹುಟ್ಟುವ ಅನುಮಾನವೇ ಇದು. ಆದರೆ ಅದರ ಮೊದಲ ಮಾತೇ ತಪ್ಪು.

ಹಿಪ್ಪುನೇರಳೆ ತೋಟದ ಎರೆಹುಳುವಿಗೆ ಕಣ್ಣೇ ಇಲ್ಲ. ಚರ್ಮದಲ್ಲಿ ಬೆಳಕು ಗ್ರಹಿಸುವ ಕೋಶಗಳಷ್ಟೇ. ಮಳೆ ಬಿದ್ದ ರಾತ್ರಿ ಹೊರಬಂದ ಹುಳುವಿನ ತಲೆಭಾಗಕ್ಕೆ ಮೊಬೈಲ್ ಟಾರ್ಚ್ ಹಿಡಿದು ನೋಡಿ, ಹಿಂದಕ್ಕೆ ಸರಿಯುತ್ತದೆ. ಬಿಸಿಲಿಗೆ ಸಿಕ್ಕಿ ಒಣಗದಿರಲು ಅಷ್ಟೇ ದೊಡ್ಡ ಆಸರೆ. ಪ್ಲನೇರಿಯಾ ಎಂಬ ಚಪ್ಪಟೆಹುಳುವಿನ ಕಣ್ಣು ಬಟ್ಟಲಿನಂಥ ಗುಳಿ. ಬೆಳಕು ಯಾವ ದಿಕ್ಕಿನದು ಎಂದು ಅದಕ್ಕೆ ತಿಳಿಯುತ್ತದೆ. ಸಮುದ್ರದ ಚಿಪ್ಪುಜೀವಿ ನಾಟಿಲಸ್‌ನದು ಮಸೂರವಿಲ್ಲದ, ಸಣ್ಣ ರಂಧ್ರದ ಕಣ್ಣು. ನಮ್ಮ ತೋಟದ ಬಸವನಹುಳುವಿಗೆ ಕೊಂಬಿನ ತುದಿಯ ಕಣ್ಣಿನಲ್ಲಿ ಮಸೂರವೂ ಇದೆ. ಇವು ಒಂದರಿಂದ ಒಂದು ಹುಟ್ಟಿದವಲ್ಲ, ನಿಜ. ಆದರೆ ಪ್ರತಿ ಹಂತದ ಕಣ್ಣೂ ಅದನ್ನು ಹೊತ್ತ ಜೀವಿಗೆ ಉಪಯೋಗಕ್ಕೆ ಬರುತ್ತಿದೆ.

1994ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದ ಪ್ರಕಾರ, ಬೆಳಕು ಗ್ರಹಿಸುವ ಚಪ್ಪಟೆ ಪದರವೊಂದು ಮಸೂರವುಳ್ಳ ಕಣ್ಣಾಗಲು ತಲಾ ಶೇ 1ರಷ್ಟು ಬದಲಾವಣೆಯ ಸುಮಾರು 1,800 ಹೆಜ್ಜೆ, 4 ಲಕ್ಷಕ್ಕಿಂತ ಕಡಿಮೆ ತಲೆಮಾರು ಸಾಕು.

ಇಂಥ ಸಂದೇಶ ಬಂದಾಗ, ಆ ಅಂಗದ ಸರಳ ರೂಪ ಇರುವ ಜೀವಿ ಈಗಲೂ ಇದೆಯೇ ಎಂದು ಜೀವಶಾಸ್ತ್ರದ ಪಠ್ಯದಲ್ಲಿ ಹುಡುಕಿ. ವಿಜ್ಞಾನಿಯೊಬ್ಬರ ಮಾತನ್ನು ಹಾಕಿದ್ದರೆ ಮೂಲ ಬರಹ ತೆರೆದು ಮುಂದಿನ ಸಾಲುಗಳನ್ನೂ ಓದಿ. ಎಷ್ಟೋ ಸಲ ಪ್ರಶ್ನೆಯನ್ನು ಉಳಿಸಿಕೊಂಡು, ಅವರೇ ಕೊಟ್ಟ ಉತ್ತರವನ್ನು ಕತ್ತರಿಸಿರುತ್ತಾರೆ.